ಕ್ಲಚ್ಚು ಆಕೆಯದು, ಗಿಯರು ಆತನದು

೧

ಎಲ್ಲಿಂದ ಶುರು ಮಾಡಲಿ? ವಿರುಪಾಕ್ಷಪ್ಪನಿಗೆ ಲಕ್ವಾ ಹೊಡೆದ ದಿನದಿಂದ ಶುರು ಮಾಡಿದ್ದೆ, ಹರಿದೆ. (ಲೇಖಕ ಮೊದಲ ಸಾಲಿನಲ್ಲೇ ಕರ್ಚೀಫು ತೆಗೆದರೆ ಓದುಗ ಬಸ್ಸಿಳಿದು ಹೋಗುತ್ತಾನೆ.) ಐನಾಪುರದಲ್ಲಿರುವ ಅವನ ದ್ರಾಕ್ಷಿ ತೋಟದ ವರ್ಣನೆಯಿಂದ ಶುರು ಮಾಡಿದೆ, ನನಗೇ ಆಕಳಿಕೆ ಬಂತು. ಕೊನೆಗೆ ಸೀದಾ ಹೋಗಿ ಅವನ ಕಾರಿನ ಹಿಂದಿನ ಸೀಟಿನಲ್ಲಿ ಕೂತೆ.

"ಯಾರ್ರಿ ನೀವು?" ಸ್ಟೀರಿಂಗ್ ಹಿಡಿದಿದ್ದ ಅವನ ಹೆಂಡತಿ ಶೈಲಾ ಕನ್ನಡಿಯಲ್ಲಿ ನೋಡಿ ಕೇಳಿದಳು.

"ಈ ಕಥಿ ಬರಿಯಾಂವ್ರಿ."

"ಬರ್ಕೋರಿ. ಬಾಗಲಾ ಜೋರಲೆ ಹಾಕ್ರಿ, ಒಮ್ಮೆಲೆ ಬೀಳೂದಿಲ್ಲ ಅದು."

೨

ಬಾಗಿಲೊಂದೇ ಅಲ್ಲ, ಆ ಹಳೇ ಸಣ್ಣ ಕಾರಿನ ಎಲ್ಲವೂ ಎಡವಟ್ಟು. ನೆಟ್ಟಗೆ ಹಿಡಿದರೆ ಸ್ಟೀರಿಂಗು ಎಡಕ್ಕೆ ಎಳೆಯುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಕ್ಲಚ್ಚು, ಕಾಲು ಪೂರ್ತಿ ಮೇಲೆ ಬಂದ ಮೇಲೆ ಹಿಡಿಯುತ್ತದೆ. ಎರಡನೇ ಗಿಯರಿನದಂತೂ ದೊಡ್ಡ ಜಂಬ: ನ್ಯೂಟ್ರಲ್‌ನಲ್ಲಿ ಒಮ್ಮೆ ಅಲ್ಲಾಡಿಸಿ, ಎಡಕ್ಕೆ ಒತ್ತಿ, ರಮಿಸಿ ಜಗ್ಗಬೇಕು. ಆ ಕೈಗುಣ ವಿರುಪಾಕ್ಷಪ್ಪನೊಬ್ಬನಿಗೇ ಇತ್ತು.

ಲಕ್ವಾದಲ್ಲಿ ಅವನ ಎಡಗೈ, ಎಡಗಾಲು ಹೋದವು. ಎಡಗಾಲಿಲ್ಲದೆ ಕ್ಲಚ್ಚಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದವನು ಊಟ ಬಿಟ್ಟ, ಮಾತು ಬಿಟ್ಟ. ಶೈಲಾ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಡ್ರೈವಿಂಗ್ ಕಲಿತಳು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಸಲ ಅಥಣಿಯ ಫಿಜಿಯೋಥೆರಪಿಗೆ ಹೊರಟಾಗ ಎರಡನೇ ಗಿಯರು ಬೀಳದೆ ನಡುರಸ್ತೆಯಲ್ಲಿ ಒದ್ದಾಡಿದಳು. ಆಗ ಅವನ ಬಲಗೈ ಚಾಚಿ ಬಂತು.

"ಕ್ಲಚ್ ನೀ ಒತ್ತ. ಗಿಯರ್ ನಾ ಹಾಕ್ತೇನಿ."

ಲಕ್ವಾ ಹೊಡೆದ ಮೇಲೆ ಅವನಾಡಿದ ಮೊದಲ ಪೂರ್ತಿ ಮಾತು ಅದು. ಆವತ್ತಿನಿಂದ ಒಂದೇ ಕಾರಿಗೆ ಇಬ್ಬರು ಡ್ರೈವರು. ಆಕೆ "ಹಾಕ್ರಿ" ಅನ್ನುವುದು, ಆತ ಹಾಕುವುದು. ಆ ರಾತ್ರಿ ಅವನು ಕೇಳಿ ರೊಟ್ಟಿ ಹಾಕಿಸಿಕೊಂಡ.

(ಗಿಯರು ದಾಂಪತ್ಯದ ಸಂಕೇತವೇ ಎಂದು ಪ್ರಾಧ್ಯಾಪಕರು ಕೇಳಬಾರದು. ಗಿಯರು ಅಂದರೆ ಗಿಯರೇ, ಸರ್.)

೪

(ಮೂರನ್ನು ಹರಿದೆ. ಅದರಲ್ಲಿ ಬರೀ ನಾನೇ ಮಾತಾಡಿದ್ದೆ.)

ಡಾಕ್ಟರು ಶೈಲಾಳನ್ನು ಬದಿಗೆ ಕರೆದು, ಬಲಗೈಯಲ್ಲೂ ಶಕ್ತಿ ಇಳಿಯುತ್ತಿದೆ ಎಂದರು. ಆಕೆಗದು ಮೊದಲೇ ಗೊತ್ತಿತ್ತು. ಎರಡನೇ ಗಿಯರು ಜಗ್ಗುವಾಗ ಅವನ ಹಣೆ ಬೆವರುತ್ತಿತ್ತು. ಒಂದು ದಿನ ಅದು ಬೀಳಲೇ ಇಲ್ಲ. ಮನೆಗೆ ಬಂದವನು ಮತ್ತೆ ಗೋಡೆ ಕಡೆ ಮುಖ ಮಾಡಿದ. ಗಿಯರೂ ಹೋದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ಶೈಲಾಳ ಜೀವ ಹಾರಿತು. ಮರುದಿನ ಅವನಿಗೆ ಹೇಳದೆ ಕಾರನ್ನು ಫೈಜಾನನ ಗ್ಯಾರೇಜಿಗೆ ಒಯ್ದು, ಗಿಯರ್ ಲಿವರಿನ ಬುಡದ ಸವೆದ ಬುಷ್ ತೆಗೆಸಿ ಹೊಸದು ಹಾಕಿಸಿದಳು.

"ಈಗ ಸಣ್ಣ ಕೂಸು ಜಗ್ಗಿದ್ರೂ ಬೀಳತೈತ್ರಿ ಅಕ್ಕಾ," ಅಂದ ಫೈಜಾನ.

"ಅದಕ್ಕ ಮಾಡ್ಸೇನಪಾ. ಅವರ ಮುಂದ ಬಾಯಿ ಬಿಡಬ್ಯಾಡ ಮತ್ತ."

ಮುಂದಿನ ಸಲ ಎರಡನೇ ಗಿಯರು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಿತ್ತು. "ನೋಡ್ದೇನ, ಕೈಗೆ ಜೋರ ಬಂತ!" ಎಂದು ವಿರುಪಾಕ್ಷಪ್ಪ ನಕ್ಕ. ಶೈಲಾ ಬಲಗಡೆಯ ಕಿಟಕಿಗೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಇಲ್ಲಿಗೆ ಮುಗಿಸಿದ್ದರೆ ನನಗೂ ಪುಣ್ಯ, ನಿಮಗೂ ಪುಣ್ಯ. ಆದರೆ ಲೇಖಕನ ಕೆಟ್ಟ ಬುದ್ಧಿ ನೋಡಿ. ವರ್ಷಗಟ್ಟಲೆ ಆ ಗಿಯರನ್ನು ರಮಿಸಿದವನಿಗೆ ಹೊಸ ಬುಷ್ ಗೊತ್ತಾಗುವುದಿಲ್ಲವೇ? ಶೈಲಾ ಔಷಧಿ ಅಂಗಡಿಗೆ ಇಳಿದಾಗ ಕೇಳಿಯೇಬಿಟ್ಟೆ.

"ಮುಟ್ಟಿದ ಕೂಡ್ಲೇ ಗೊತ್ತಾತ್ರಿ," ಅಂದ. "ಆಕಿಗೆ ಹೇಳಬ್ಯಾಡ್ರಿ. ನಾ ನಕ್ಕರ ಆಕಿ ಉಣ್ತಾಳ."

"ಬರಿಲೇನ್ರಿ ಇದನ್ನ?"

"ಬರೀರಿ. ಆಕಿ ಕಥಿಗಿಥಿ ಓದಂಗಿಲ್ಲ."

೫

ವಾಪಸ್ ಬರುವಾಗ ಮುಂದೆ ಕಬ್ಬಿನ ಟ್ರ್ಯಾಕ್ಟರು. ಹಿಂದೆ ಎರಡು ಟ್ರೇಲರು, ಮೇಲೆ ಹಾಡು, ನಡಿಗೆ ಬಸುರಿಯದು. ಮೂರರಿಂದ ಎರಡಕ್ಕೆ ಇಳಿಯಬೇಕು. ಶೈಲಾ ಕ್ಲಚ್ ಒತ್ತಿದಳು.

"ಹಾಕ್ರಿ."

ಕೈ ಗಿಯರಿನ ಮೇಲೆಯೇ ಇತ್ತು. ಬೆರಳು ಮಡಚಲಿಲ್ಲ. ಅವನು ತನ್ನ ಬೆರಳುಗಳನ್ನೇ ಬೇರೆ ಯಾರದೋ ಎಂಬಂತೆ ನೋಡಿದ.

"ಮತ್ತ ಜಾಮ್ ಆಗೈತಿ ನೋಡ," ಅಂದ. "ಹಾಳ ಗಾಡಿ."

ಶೈಲಾ ಆ ಬೆರಳುಗಳನ್ನು ನೋಡಿದಳು.

"ಹೌದ್ರಿ," ಅಂದಳು. "ಜಾಮ್ ಆಗೈತಿ. ನಿಧಾನ ಹಾಕ್ರಿ."

ಕಾರು ತೆವಳಿ ನಿಂತಿತು. ಹಿಂದೆ ಹಾರ್ನು ಶುರುವಾದವು.

(ಅ) ಆಕೆಯೇ ಎಡಗೈಯಿಂದ ಗಿಯರು ಹಾಕಿ ಹೊರಡುತ್ತಾಳೆ. ಬರೆದು ನೋಡಿದೆ, ಅವನು ಊರು ಮುಟ್ಟುವವರೆಗೂ ಮಾತಾಡಲಿಲ್ಲ, ಮನೆಗೆ ಹೋಗಿ ಗೋಡೆ ಕಡೆ ತಿರುಗಿದ. ಹರಿದೆ.

(ಆ) ಬೆರಳಿಗೆ ಒಮ್ಮೆಲೆ ಜೀವ ಬರುತ್ತದೆ. ಥೂ, ಇಷ್ಟು ಸುಳ್ಳು ನನಗೂ ಬರುವುದಿಲ್ಲ.

(ಇ) ಹಿಂದಿನ ಸೀಟಿನಿಂದ ನಾನೇ ಹಾಕಿಬಿಡುತ್ತೇನೆ. ಬರೆಯುವವನು ನಾನಲ್ಲವೇ? ಕೈ ಚಾಚಿದೆ.

"ಮುಟ್ಟಬ್ಯಾಡ್ರಿ!" ಕನ್ನಡಿಯಲ್ಲಿ ಶೈಲಾಳ ಕಣ್ಣು ಕೆಂಪಾಗಿದ್ದವು. "ಅವರ ಹಾಕ್ತಾರ."

"ಎಲ್ಲೀತನಕ್ರಿ ಹಿಂಗ? ಹಿಂದ ಗಾಡಿ ನಿಂತಾವು. ಕಥಿ ಮುಗೀಬೇಕಲ್ಲ?"

"ಮುಗೀಲಿಲ್ಲಂದ್ರ ನಾ ಏನ ಮಾಡ್ಲಿ? ನನಗೇನ ಗಡಿಬಿಡಿ ಇಲ್ಲ. ಕುಂಡ್ರಿ ಸುಮ್ಕ."

ಕೈ ಹಿಂದೆ ತೆಗೆದುಕೊಂಡೆ. ಕ್ಲಚ್ಚಿನ ಮೇಲೆ ಆಕೆಯ ಎಡಗಾಲು ನಡುಗುತ್ತಿತ್ತು.