ಐಸ್ ಕುಟ್ಟುವ ಕೈ

ಡಾಕ್ಟರು ಅವಳ ಬಲಗೈ ಹಿಡಿದು ಮೇಲೆತ್ತಲು ನೋಡಿದರು. ಕೈ ಅರ್ಧಕ್ಕೇ ನಿಂತಿತು. "ಏನಮ್ಮಾ, ಕಲ್ಲು ಒಡೆಯೋ ಕೆಲಸ ಮಾಡ್ತೀರಾ?" ಎಂದು ತಮಾಷೆಗೆ ಕೇಳಿದರು.

"ಕರ್ಟನ್ ಹೊಲೀತಾಳೆ ಡಾಕ್ಟ್ರೇ, ಅದರಿಂದಲೇ ಆಗಿರೋದು" ಎಂದು ಪಕ್ಕದ ಕುರ್ಚಿಯಿಂದ ಗಂಡ ಉತ್ತರ ಕೊಟ್ಟ. ಭುಜ ಇವಳದು, ಪ್ರಶ್ನೆ ಇವಳಿಗೆ, ಉತ್ತರ ಮಾತ್ರ ಅವನದು! ಭುಜಕ್ಕೆ ಪೆಟ್ಟು ಬೀಳುವ ಕೆಲಸ ಯಾವುದೇ ಇರಲಿ, ಬಿಡಬೇಕು, ಇಲ್ಲವಾದರೆ ಈ ಕೈ ತಲೆ ಬಾಚುವುದಕ್ಕೂ ಏಳುವುದಿಲ್ಲ ಎಂದರು ಡಾಕ್ಟರು. ಆಸ್ಪತ್ರೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಗಂಡ ತೀರ್ಮಾನವನ್ನೂ ಮಾಡಿಬಿಟ್ಟಿದ್ದ.

"ಹೊಲಿಗೆ ನಿಲ್ಸಿಬಿಡು. ಮಿಷನ್ ಯಾರಿಗಾದ್ರೂ ಕೊಟ್ಬಿಡೋಣ. ಆ ರೂಮಿಗೆ ಒಂದು ಸೋಫಾ ಹಾಕಿದ್ರೆ ಭಾನುವಾರ ಬರೋರಿಗೂ ಆಗುತ್ತೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆ ಮಿಷನ್ ಅವಳು ಮದುವೆಗೆ ಮುಂಚೆ ದುಡಿದು ಕೊಂಡಿದ್ದು. ಬೀದಿಯವರೆಲ್ಲ ಅವಳನ್ನು ಕರ್ಟನ್ ಅಕ್ಕ ಅಂತಲೇ ಕರೆಯುತ್ತಿದ್ದರು. ಯಾರದೋ ಮನೆಯ ಬೋಳು ಕಿಟಕಿಗೆ ತಾನು ಹೊಲಿದ ಬಟ್ಟೆ ತೂಗುಹಾಕಿ, ಕೋಣೆಯ ಬೆಳಕೇ ಬದಲಾಗುವುದನ್ನು ನಿಂತು ನೋಡುವಾಗ ಆಗುವ ಸಂತೋಷ ಅವಳಿಗೆ ಇನ್ನು ಯಾವುದರಲ್ಲೂ ಸಿಕ್ಕಿರಲಿಲ್ಲ. ಆ ಮಿಷನ್ ತೆಗೆದು ಅಲ್ಲಿ ಸೋಫಾ ಹಾಕುತ್ತಾನಂತೆ! ಅದೂ ಭಾನುವಾರದವರಿಗೆ!

ಭುಜ ಮುರಿದದ್ದು ಮಿಷನ್ ಅಲ್ಲ, ಆ ಭಾನುವಾರವೇ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗಂಡ ವಿಮಾ ಏಜೆಂಟ್. ಮಾತಿನಲ್ಲೇ ಮಂಟಪ ಕಟ್ಟುವ ಜನ. ಒಮ್ಮೆ ಕಂಪನಿಯವರು ಯಾವುದೋ ದೊಡ್ಡ ಹೋಟೆಲಿನಲ್ಲಿ ತರಬೇತಿ ಅಂತ ಇಟ್ಟಿದ್ದಾಗ ಅವನಿಗೆ ಮಿಂಟ್ ಜುಲೆಪ್ ಎಂಬ ಕಾಕ್‌ಟೇಲಿನ ರುಚಿ ಹತ್ತಿತು. ಬರ್ಬನ್ ವಿಸ್ಕಿ, ಪುದೀನ, ಸಕ್ಕರೆ ಪಾಕ, ಪುಡಿ ಐಸ್, ಇಷ್ಟೇ. ಅಂದಿನಿಂದ ಪ್ರತಿ ಭಾನುವಾರ ಸಂಜೆ ಮನೆಯಲ್ಲಿ ಅದರ ಸೇವೆ. ಆಫೀಸಿನ ಮ್ಯಾನೇಜರು ಬರುವರು, ಮೂಲೆಯಂಗಡಿಯ ಫೋಟೋಗ್ರಾಫರ್ ಬರುವನು, ಅವಳ ಮೈದುನನೂ ಬರುವನು. ಎಲ್ಲರೂ ಸೇರಿ ಗಂಡನಿಗೆ ಪುದೀನ ಮಾಸ್ತರ ಎಂದು ಬಿರುದು ಕೊಟ್ಟಿದ್ದರು.

ಮಾಸ್ತರರು ಮಾಡುತ್ತಿದ್ದುದಾದರೂ ಏನು? ತೋಳು ಮಡಚುವುದು. ಪುದೀನದ ಕುಡಿಯನ್ನು ಅಂಗೈಯಲ್ಲಿಟ್ಟು ಒಂದು ಚಪ್ಪಾಳೆ ತಟ್ಟುವುದು. "ನೋಡ್ರಪ್ಪಾ, ಪುದೀನಾನ ಜಜ್ಜಬಾರದು, ಎಬ್ಬಿಸಬೇಕು. ಜಜ್ಜಿದ್ರೆ ಕಹಿ ಬಿಡುತ್ತೆ" ಎಂದು ಪ್ರವಚನ ಕೊಡುವುದು. ಆಮೇಲೆ ಒಂದು ಮೊಳ ಎತ್ತರದಿಂದ ಬರ್ಬನ್ ಸುರಿಯುವುದು. ಎಲ್ಲರೂ ಆಹಾ ಎನ್ನುವರು. ಜಜ್ಜಿದರೆ ಕಹಿಯಾಗುತ್ತದೆ ಎಂದು ಕಂಡುಹಿಡಿದವಳು ಇವಳು. ಆ ಮಾತೂ ಇವಳದೇ.

ಉಳಿದ ಕೆಲಸ ಹಿತ್ತಲಲ್ಲಿ ನಡೆಯುತ್ತಿತ್ತು. ಕುಂಡದ ಪುದೀನದಲ್ಲಿ ಎಳೆಯ ಕುಡಿಗಳನ್ನಷ್ಟೇ ಚಿವುಟಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಪಾಕ ಕಾಯಿಸಿ ಆರಿಸಬೇಕು. ಸ್ಟೀಲ್ ಲೋಟಗಳನ್ನು ಬೆಳಿಗ್ಗೆಯೇ ಫ್ರೀಜರಿಗೆ ಸೇರಿಸಬೇಕು, ಆಗಲೇ ಅವುಗಳ ಮೈಮೇಲೆ ಬಿಳಿ ಮಂಜು ಕೂರುವುದು. ಇನ್ನು ಐಸ್. ಕರ್ಟನ್ನಿನ ದಪ್ಪ ಅಸ್ತರಿನಲ್ಲಿ ಅವಳೇ ಒಂದು ಚೀಲ ಹೊಲಿದಿದ್ದಳು. ಅದರಲ್ಲಿ ಐಸ್ ಗಡ್ಡೆ ತುಂಬಿ, ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಮರದ ಕೊಡತಿಯಿಂದ ಬಡಿಯಬೇಕು. ಕರಗಿದ ನೀರನ್ನೆಲ್ಲ ಬಟ್ಟೆ ಹೀರಿಕೊಂಡು, ಒಳಗೆ ಕಲ್ಲುಪ್ಪಿನಂಥ ಒಣ ಪುಡಿ ಉಳಿಯುವವರೆಗೂ ಬಡಿಯಬೇಕು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಈ ಮನೆಯಲ್ಲಿ ಕೈ ಇವಳದು, ಬಾಯಿ ಅವನದು.

ಆಸ್ಪತ್ರೆಯಿಂದ ಬಂದ ದಿನವೇ ಅವಳು ಹೇಳಿದಳು. "ರೀ, ಈ ಭಾನುವಾರದಿಂದ ನಾನು ಐಸ್ ಕುಟ್ಟಲ್ಲ. ಕೈ ಹೋಗಿರೋದು ಅದರಿಂದ. ಹೊಲಿಗೆ ಬಿಡೋಕೆ ನನ್ನಿಂದ ಆಗಲ್ಲ."

ಗಂಡ ನಕ್ಕ. "ಐಸ್ ಕುಟ್ಟೋದೂ ಒಂದು ಕೆಲ್ಸಾನೇನೇ? ಅದರಿಂದ ಯಾರಿಗಾದ್ರೂ ಭುಜ ಹೋಗುತ್ತಾ? ನಾನೇ ನೋಡ್ಕೋತೀನಿ ಬಿಡು. ಸೋಮವಾರ ಮಿಷನ್ ನೋಡೋಕೆ ಜನ ಬರ್ತಾರೆ, ರೂಮು ಸ್ವಲ್ಪ ಖಾಲಿ ಮಾಡಿರು."

ಅಂದರೆ ಆಗಲೇ ಯಾರಿಗೋ ಹೇಳಿಯೂ ಆಗಿದೆ! ಅವಳು ಹೊಲಿಗೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾತಾಡಿದ್ದರೆ ಬೀದಿಗೆಲ್ಲ ಕೇಳಿಸುತ್ತಿತ್ತು.

ಭಾನುವಾರ ಸಂಜೆ ನೆಂಟರಿಗಿಂತ ಹೆಚ್ಚಿನ ಸಲುಗೆಯಿಂದ ಮೂವರೂ ಬಂದು ಕೂತರು. ಮ್ಯಾನೇಜರು ಕಂಕುಳಲ್ಲಿ ಹೊಸ ಬರ್ಬನ್ ಬಾಟಲಿ ತಂದಿದ್ದರು. ಅವಳು ಹೊಲಿಗೆ ಕೋಣೆಯಲ್ಲಿ ಎಡಗೈಯಿಂದ ಹಳೇ ಕರ್ಟನ್ನಿನ ದಾರ ಬಿಚ್ಚುತ್ತಾ ಕೂತಿದ್ದಳು. ಅಡುಗೆಮನೆಯಲ್ಲಿ ಮಿಕ್ಸಿ ಶುರುವಾಯಿತು. ಮೊದಲು ಒಳಗೆ ಕಲ್ಲು ಹಾಕಿದ ಹಾಗೆ ಕಟಕಟ ಅಂದಿತು, ಆಮೇಲೆ ಬರೀ ಗೊಳಗೊಳ. ಐಸನ್ನು ಮಿಕ್ಸಿಗೆ ಹಾಕಿದ್ದಾನೆ ಮಹಾರಾಯ! ಅದೂ ಯಾವ ಜಾರಿಗೆ? ಅವಳು ಮಧ್ಯಾಹ್ನ ಬೆಳ್ಳುಳ್ಳಿ ಅರೆದಿದ್ದ ಜಾರು ಒಂದೇ ಕೈಗೆ ಸಿಗುವಂತೆ ಇತ್ತು. ಎದ್ದು ಹೇಳೋಣವೆಂದು ಒಂದು ಕ್ಷಣ ಅನ್ನಿಸಿತು. ಸೋಮವಾರದ ಮಾತು ನೆನಪಾಗಿ ಕೂತಲ್ಲೇ ಕೂತಳು.

ನಡುಮನೆಯಲ್ಲಿ ಚಪ್ಪಾಳೆ ಕೇಳಿಸಿತು, ಪ್ರವಚನವೂ ಕೇಳಿಸಿತು. ಆಹಾ ಮಾತ್ರ ಕೇಳಿಸಲಿಲ್ಲ.

"ಮಾಸ್ತರೇ," ಫೋಟೋಗ್ರಾಫರ್ ಕೆಮ್ಮಿದ, "ಪುದೀನ ಸರಿ, ಬೆಳ್ಳುಳ್ಳಿ ಯಾವಾಗಿಂದ ಹಾಕ್ತೀರಿ?"

"ತಳದಲ್ಲಿ ಸಕ್ಕರೆ ಹಾಗೇ ಕೂತಿದೆಯಲ್ರೀ. ಇದು ಬರೀ ನೀರು," ಎಂದರು ಮ್ಯಾನೇಜರು. ತಾವೇ ತಂದ ಬಾಟಲಿಯ ಸಂಕಟ ಅವರ ದನಿಯಲ್ಲಿತ್ತು. "ಎಲ್ಲಿ ಹೋಯ್ತಪ್ಪಾ ನಿನ್ನ ಕೈಗುಣ?"

ಗಂಡ ಒಂದಿಷ್ಟೂ ತಡವರಿಸಲಿಲ್ಲ. "ನಂದೇನಿಲ್ಲ ಸಾರ್, ಎಲ್ಲಾ ಇವಳಿಂದ. ಭುಜ ನೋವು ಅಂತ ಕೂತುಬಿಟ್ಟಿದ್ದಾಳೆ. ಐಸ್ ಕುಟ್ಟಿಲ್ಲ, ಪಾಕ ಮಾಡಿಲ್ಲ, ಲೋಟ ಫ್ರೀಜರಿಗೆ ಇಟ್ಟಿಲ್ಲ. ಅವಳು ಮಾಡದೇ ಇದ್ರೆ ಹೆಂಗೆ ಚೆನ್ನಾಗಾಗುತ್ತೆ ಹೇಳಿ!"

ಮೈದುನ ಲೋಟ ಕೆಳಗಿಟ್ಟ. "ಅಲ್ಲಣ್ಣಾ, ಅದೆಲ್ಲಾ ಅತ್ತಿಗೆ ಮಾಡ್ತಿದ್ರೆ ನೀನು ಮಾಡ್ತಿದ್ದಿದ್ದೇನು?"

ಅಷ್ಟರಲ್ಲಿ ಅವಳು ಬಾಗಿಲಿಗೆ ಬಂದು ನಿಂತಿದ್ದಳು. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆಯನ್ನು ಅವಳು ಇಷ್ಟು ವರ್ಷ ನುಂಗಿಕೊಂಡಿದ್ದಳು. ಆದರೆ ಹೊಗಳಿಕೆ ಬಂದಾಗ ಅವನ ಕೈ, ಉಗುಳುವಾಗ ಇವಳ ಕೈ ಅಂದರೆ ಯಾವ ಹೊಟ್ಟೆ ತಾನೇ ತಡೆದೀತು?

"ಈಗ ಹೇಳಿದ್ರಲ್ಲ, ಇದನ್ನೇ ಡಾಕ್ಟ್ರ ಮುಂದೆ ಯಾಕ್ರೀ ಹೇಳಲಿಲ್ಲ?" ಅವಳು ಹೊಸ್ತಿಲು ದಾಟಿ ಒಳಗೆ ಬಂದಳು. "ಅಲ್ಲಿ ಕೇಳ್ದಾಗ ಭುಜ ತಿಂದಿದ್ದು ಹೊಲಿಗೆ, ಮನೇಲಿ ನಾನು ಹೇಳ್ದಾಗ ಐಸ್ ಕುಟ್ಟೋದು ಕೆಲ್ಸವೇ ಅಲ್ಲ. ಇಲ್ಲಿ ನಿಮ್ಮ ಮಾನ ಹೋಗೋವಾಗ ಎಲ್ಲಾ ಕೆಲ್ಸವೂ ನಂದೇ. ನಿಮ್ಮ ಸಂಜೆಗೋಸ್ಕರ ನನ್ನ ಮಿಷನ್ ಮಾರೋಕೆ ಹೊರಟಿದ್ದೀರಲ್ಲ, ನಾಚಿಕೆ ಆಗಲ್ವಾ ನಿಮ್ಗೆ? ಸೋಮವಾರ ಯಾರೂ ಬರೋದು ಬೇಡ. ಈಗಲೇ ಫೋನ್ ಮಾಡಿ ಹೇಳಿ."

ಮಾತಿನ ಮಲ್ಲ ಮ್ಯಾನೇಜರ ಮುಖ ನೋಡಿದ, ಅವರು ಚಾವಣಿಯ ಫ್ಯಾನ್ ನೋಡುತ್ತಿದ್ದರು. ತಮ್ಮನ ಮುಖ ನೋಡಿದ, ಅವನು ಅಣ್ಣನ ಫೋನನ್ನು ಎತ್ತಿ ಕೈಗೆ ಕೊಟ್ಟ. ಗಂಡ ಗೋಡೆಯ ಕಡೆ ತಿರುಗಿ ನಾಲ್ಕು ಮಾತು ಗೊಣಗಿದ. "ಇಲ್ಲ, ಮಾರೋದಿಲ್ಲವಂತೆ" ಎಂಬುದು ಎಲ್ಲರಿಗೂ ಕೇಳಿಸಿತು.

ಅವಳು ಸಿಟ್ಟಿಳಿಸಿಕೊಳ್ಳಲಿಲ್ಲ. ಗಂಡನದೇ ಕುರ್ಚಿಯನ್ನು ಎಳೆದುಕೊಂಡು ಕೂತಳು. "ನನಗೂ ಒಂದು ಲೋಟ ಮಾಡ್ಕೊಡಿ. ಇಷ್ಟು ವರ್ಷ ಕುಟ್ಟಿದ್ದೀನಿ, ರುಚಿ ಹೆಂಗಿರುತ್ತೆ ಅಂತ ಯಾರೂ ತೋರಿಸಿಲ್ಲ. ಮಿಕ್ಸಿ ಮುಟ್ಟಬೇಡಿ. ಚೀಲ ಹಿತ್ತಲಲ್ಲಿ ತಂತಿ ಮೇಲಿದೆ."

ಗಂಡ ಹಿತ್ತಲಿಗೆ ಹೋದ. ಕೊಡತಿ ಹುಡುಕುವ ಸದ್ದಾಯಿತು, ಆಮೇಲೆ ಬಡಿಯುವ ಸದ್ದು. ನಾಲ್ಕು ಏಟು ಜೋರಾಗಿ ಬಿದ್ದವು, ಐದನೆಯದು ಮೆತ್ತಗಾಯಿತು, ಆಮೇಲೆ ಪೂರ್ತಿ ನಿಂತೇಹೋಯಿತು.

"ಲೇ, ಇದನ್ನ ಎಷ್ಟು ಹೊತ್ತು ಕುಟ್ಟಬೇಕೇ?" ಅಲ್ಲಿಂದಲೇ ಕೂಗಿದ. ಆಗಲೇ ಏದುಸಿರು ಬರುತ್ತಿತ್ತು.

"ಭುಜ ನೋಯೋವರೆಗೂ," ಎಂದಳು ಅವಳು. "ಆಮೇಲೆ ಇನ್ನೂ ಒಂದಷ್ಟು ಹೊತ್ತು."