ನುಸೈಬಾಳ ತಂಗಿ

ಅರಬ್ ನಾಡಿನ ಅಲ್ ಹೈಲ್‌ನ ಒಂದು ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಮುದುಕಿ ನುಸೈಬಾ, ತನ್ನನ್ನು ನೋಡಿಕೊಳ್ಳಲು ಬಂದ ವನೆಸ್ಸಾಳನ್ನು ಮೊದಲ ದಿನವೇ ತಬ್ಬಿಕೊಂಡು ಅತ್ತುಬಿಟ್ಟಳು. ಅಳುತ್ತಾ ಆಡಿದ ಮಾತು ಅರಬ್ಬಿಯಾಗಿರಲಿಲ್ಲ. ವನೆಸ್ಸಾ ಕಕ್ಕಾಬಿಕ್ಕಿಯಾಗಿ ನಿಂತಿದ್ದಾಗ ಮುದುಕಿಯ ಮಗ ಹಕೀಂ ಹಿಂದಿಯಲ್ಲಿ ವಿವರಿಸಿದ.

"ಅದು ಸ್ವಾಹಿಲಿ. ಅಮ್ಮ ಹುಟ್ಟಿದ್ದು ಆಫ್ರಿಕಾದ ಜಂಜಿಬಾರಿನಲ್ಲಿ. ಅಲ್ಲಿ ದೊಂಬಿಯಾದಾಗ ಇಲ್ಲಿಗೆ ಓಡಿಬಂದರು. ದೋಣಿ ಹತ್ತುವ ನೂಕುನುಗ್ಗಲಲ್ಲಿ ತಂಗಿ ರಯ್ಯಾ ಕೈತಪ್ಪಿಹೋದಳು, ಮತ್ತೆ ಸಿಗಲೇ ಇಲ್ಲ. ಈಗ ಅಮ್ಮನಿಗೆ ಮರೆವು. ನಿನ್ನ ಮುಖ ನೋಡಿ ರಯ್ಯಾ ಅಂದುಕೊಂಡಿದ್ದಾಳೆ. ಎಲ್ಲಿದ್ದೆ ಇಷ್ಟು ದಿನ ಅಂತ ಕೇಳುತ್ತಿದ್ದಾಳೆ."

ವನೆಸ್ಸಾ ಹಳಿಯಾಳದ ಕಡೆಯ ಸಿದ್ದಿ ಹೆಂಗಸು, ಕ್ರೈಸ್ತಳು. ಪೋರ್ಚುಗೀಸರು ಆಫ್ರಿಕಾದಿಂದ ಹಡಗಿನಲ್ಲಿ ಹೇರಿ ತಂದು ಗೋವೆಯಲ್ಲಿ ಮಾರಿದ್ದ ಜನರ ಪೈಕಿ ಕೆಲವರು ತಪ್ಪಿಸಿಕೊಂಡು ಕಾಡು ಸೇರಿದ್ದರು; ಇವಳು ಅವರ ವಂಶದವಳು. ಅವರ ಊರು ಯಾವುದು, ಆಡುತ್ತಿದ್ದ ಮಾತು ಯಾವುದು ಎಂಬುದು ಇವಳ ಅಜ್ಜಿಗೂ ತಿಳಿದಿರಲಿಲ್ಲ. ಇಲ್ಲಿ ಹತ್ತಿರದ ಘಾಲಾದ ಚರ್ಚಿನಲ್ಲಿ ಮಂಗಳೂರಿನವರು ಇವಳ ಗುಂಗುರು ಕೂದಲು ಕಂಡು, ಯಾವ ದೇಶ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಕನ್ನಡದಲ್ಲಿ ಉತ್ತರ ಬಂದರೆ ನಕ್ಕು, ಆಮೇಲೆ ತುಸು ಸರಿದು ಕೂರುತ್ತಿದ್ದರು. ಉಡುಪಿಯ ತೆರೇಸಾ ಬಾಯಿ ಒಬ್ಬರೇ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದವರು.

ಮುದುಕಿ ರಯ್ಯಾ ಎಂದು ಕರೆದಾಗಲೆಲ್ಲ ವನೆಸ್ಸಾ, "ನಾನು ವನೆಸ್ಸಾ, ಅಮ್ಮಾ" ಎನ್ನುತ್ತಿದ್ದಳು. ಕಳೆದುಹೋದವಳ ಹೆಸರಿಗೆ ಓಗೊಡುವುದು ಅವಳಿಗೆ ಪಾಪವೆನಿಸುತ್ತಿತ್ತು. ಆಗ ನುಸೈಬಾ ಗೋಡೆಯ ಕಡೆ ಹೊರಳಿಬಿಡುತ್ತಿದ್ದಳು. ಹೀಗೇ ಎರಡು ವರ್ಷ ಕಳೆಯಿತು.

ಈಸ್ಟರ್ ಹತ್ತಿರವಾದಾಗ ತೆರೇಸಾ ಬಾಯಿ ಫೋನು ಮಾಡಿದರು. "ಪವಿತ್ರ ಗುರುವಾರ ಫಾದರ್ ಕಾಲು ತೊಳೆಯುವ ಹನ್ನೆರಡು ಜನರಲ್ಲಿ ಈ ಸಲ ನೀನೂ ಉಂಟು ಮಾರಾಯ್ತಿ. ನಾನೇ ಹೇಳಿದ್ದು ಅವರಿಗೆ." ಕ್ರಿಸ್ತ ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ ಪ್ರತಿ ವರ್ಷ ನಡೆಯುವ ಆಚರಣೆ ಅದು.

"ನನ್ನ ಕಾಲು ಏನ್ರೀ ಬಾಯಿ?" ಎಂದಳು ವನೆಸ್ಸಾ. "ಎಷ್ಟೋ ಮಂದಿ ಕಾಲು ತೊಳದೀನಿ. ನನ್ನ ಕಾಲು ಯಾರೂ ಮುಟ್ಟಿಲ್ರಿ."

ಆ ಗುರುವಾರ ಬಿಳಿ ಸೀರೆ ಇಸ್ತ್ರಿ ಮಾಡಿ ಕುರ್ಚಿಯ ಮೇಲಿಟ್ಟಳು. ಹಕೀಂ ತನ್ನ ತಂಗಿಯನ್ನು ಕರೆತರಲು ದೂರದ ಸೂರ್ ಪಟ್ಟಣಕ್ಕೆ ಹೋಗಿದ್ದವನು ಮಧ್ಯಾಹ್ನವೇ ಹಿಂತಿರುಗಬೇಕಿತ್ತು, ದಾರಿಯಲ್ಲಿ ತಡವಾಯಿತು. ಅಷ್ಟರಲ್ಲಿ ನುಸೈಬಾಳ ಉಸಿರಾಟ ಬದಲಾಯಿತು. ಬಹಳ ಸಾವು ಕಂಡಿದ್ದ ವನೆಸ್ಸಾಳಿಗೆ ತಿಳಿದುಹೋಯಿತು. ಹಕೀಂಗೆ ಬೇಗ ಬರಲು ಹೇಳಿ, ತೆರೇಸಾ ಬಾಯಿಗೂ ಫೋನು ಮಾಡಿದಳು.

"ನಾ ಬರಾಕ ಆಗೂದಿಲ್ರಿ."

"ಒಂದು ಗಂಟೆ ಯಾರನ್ನಾದ್ರೂ ಕೂರಿಸಿ ಬಾ. ಪುನಃ ಸಿಗುವುದಿಲ್ಲ ಇದು."

"ಹೊಂಟಾಳ್ರಿ ಮುದುಕಿ. ಒಬ್ಬಾಕಿನ್ನ ಹೆಂಗ ಬಿಟ್ಟು ಬರ್ಲಿ?"

ಮುದುಕಿಯ ಪಾದ ತಣ್ಣಗಾಗತೊಡಗಿತ್ತು. ವನೆಸ್ಸಾ ಬೆಚ್ಚನೆಯ ನೀರು ತಂದು, ಬಟ್ಟೆ ಅದ್ದಿ, ಎರಡೂ ಪಾದಗಳನ್ನು ಮೆಲ್ಲಗೆ ಒರೆಸಿದಳು. ಹೊರಗೆ ಬಿಸಿಲು ಇಳಿಯುತ್ತಿತ್ತು. ನುಸೈಬಾ ಕಣ್ಣು ತೆರೆದಳು.

"ರಯ್ಯಾ?" ಎಂದವಳು, ಎಲ್ಲಿದ್ದೆ ಇಷ್ಟು ದಿನ ಎಂಬ ಅದೇ ಹಳೆಯ ಪ್ರಶ್ನೆ ಕೇಳಿದಳು.

ಉತ್ತರಿಸಲು ವನೆಸ್ಸಾಳಲ್ಲಿ ಸ್ವಾಹಿಲಿ ಇರಲಿಲ್ಲ. ಬಾಗಿ, ತನಗೆ ಬರುವ ಮಾತಿನಲ್ಲೇ ಹೇಳಿದಳು. "ಬಂದೀನಿ ಅಕ್ಕಾ. ಇಲ್ಲೇ ಅದೀನಿ."

ಮುದುಕಿ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಸಂಜೆಯ ಬಾಂಗಿಗೆ ಮುಂಚೆಯೇ ಆ ಹಿಡಿತ ಸಡಿಲವಾಯಿತು.

ಮಕ್ಕಳು ಬಂದರು, ಬಂಧುಗಳು ಸೇರಿದರು. ಶವವನ್ನು ಮೀಯಿಸಲು ನೀರು ಸಿದ್ಧವಾದಾಗ ವನೆಸ್ಸಾಳೂ ಮುಂದೆ ಬಂದಳು. ಹಿರಿಯ ಹೆಂಗಸೊಬ್ಬಳು ಅವಳ ಭುಜ ಹಿಡಿದು, ಇದು ನಮ್ಮವರೇ ಮಾಡಬೇಕಾದ್ದು ಎಂದಳು. ಮಾತು ಮೃದುವಾಗಿಯೇ ಇತ್ತು. ವನೆಸ್ಸಾ ಹೋಗಿ ಹಿತ್ತಲಿನ ಮೆಟ್ಟಿಲ ಮೇಲೆ ಕೂತಳು.

ಹಕೀಂ ಅಲ್ಲಿಗೆ ಬಂದ. "ಕೊನೆಗೆ ಏನಾದರೂ ಹೇಳಿದಳಾ?"

"ರಯ್ಯಾ ಅಂದರು. ಬಂದಿದ್ದೇನೆ ಅಂತ ಹೇಳಿಬಿಟ್ಟೆ. ಸುಳ್ಳು ಹೇಳಿದೆ, ಭಾಯ್."

ಹಕೀಂ ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತ. "ರಯ್ಯಾ ಬರುತ್ತಾಳೆ ಅಂತ ನಾನೂ ಎಷ್ಟೋ ಸಲ ಹೇಳಿದ್ದೆ," ಎಂದ. "ನನ್ನನ್ನು ಅವಳು ನಂಬಲಿಲ್ಲ." ತಲೆವಸ್ತ್ರದಿಂದ ಮುಖ ಮುಚ್ಚಿಕೊಂಡು ಬಿಕ್ಕಿದ.

ಒಳಗೆ ನೀರು ಹೊಯ್ಯುವ ಸದ್ದು ಕೇಳುತ್ತಿತ್ತು. ಹಡಗಿನಲ್ಲಿ ಬಂದ ತನ್ನ ಮೊದಲ ಅಜ್ಜಿಗೂ ಆ ದಡದಲ್ಲಿ ಒಬ್ಬ ಅಕ್ಕ ಇದ್ದಿರಬೇಕು, ಸಾಯುವ ತನಕ ಹೆಸರು ಹಿಡಿದು ಕರೆದಿರಬೇಕು ಎಂದು ವನೆಸ್ಸಾಳಿಗೆ ಅನಿಸಿತು. ಶಿಲುಬೆಯ ಗುರುತು ಮಾಡಿ, ನುಸೈಬಾಳ ಆತ್ಮಕ್ಕಾಗಿ ಪ್ರಾರ್ಥಿಸಿದಳು. ಬಳಿಕ ಆ ಅಕ್ಕನಿಗಾಗಿಯೂ ಪ್ರಾರ್ಥಿಸಲು ಹೊರಟಳು. ಯಾವ ಹೆಸರು ಹಿಡಿದು ಬೇಡಬೇಕೋ ತೋಚದೆ, ಆಗ ಅವಳಿಗೆ ಅಳು ಬಂತು.