ಗಂಟೆ ಒತ್ತಿದರೆ ಯಾರು ಬರುತ್ತಾರೆ?

ಬಚ್ಚಲುಮನೆಯ ಒದ್ದೆ ನೆಲ ಯಾರ ವಯಸ್ಸನ್ನೂ ಕೇಳುವುದಿಲ್ಲ. ಗಡಿಯಾರದಜ್ಜ ಬಿದ್ದದ್ದು ಅಲ್ಲೇ. ಐವತ್ತು ವರ್ಷ ಊರವರ ಗಡಿಯಾರಗಳ ಹೊಟ್ಟೆ ಬಿಚ್ಚಿ ಸರಿಮಾಡಿದ ಕೈಗಳಿಗೆ ಅವತ್ತು ಹಿಡಿಯಲು ಒಂದು ಗೂಟ ಸಿಗಲಿಲ್ಲ. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಕೂಡಿಸಿದರು.

"ಇನ್ನೊಂದು ವಾರ ಇಟ್ಕೊಳ್ತೀವಿ," ಎಂದರು ಡಾಕ್ಟರು. "ಆಮೇಲೆ ಮೂರ್ನಾಲ್ಕು ತಿಂಗಳು ಸರಿಯಾದ ಆರೈಕೆ ಸಿಕ್ಕರೆ ಎದ್ದು ನಡೀತಾರೆ. ಸಿಗದಿದ್ದರೆ ಹಾಸಿಗೆಯೇ ಗತಿ. ಏರ್ಪಾಡು ಮಾಡ್ಕೊಳ್ಳಿ."

ಏರ್ಪಾಡು ಎಂಬುದು ಹೇಳಲು ಸಲೀಸು. ಮನೆ ಇರುವುದು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮಗಳು ಬಸ್ ಕಂಡಕ್ಟರ್. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ್ದು. ಮಗ ಟೈಲ್ಸ್ ಹಾಕುವವನು, ಕೆಲಸ ಸಿಕ್ಕ ಕಡೆ ಹೋಗುವವನು. ಅಜ್ಜನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು, ಅದಕ್ಕೆ ಇಬ್ಬರು ಬೇಕು. ಹಿರಿಯರನ್ನು ನೋಡಿಕೊಳ್ಳುವ ಆರೈಕೆ ಮನೆಗೆ ಸೇರಿಸುವುದೇ ದಾರಿ ಎಂದು ಅಕ್ಕ ತಮ್ಮ ಮಾತಾಡಿಕೊಂಡರು. ಸುದ್ದಿ ಮೆಟ್ಟಿಲಿಳಿದು ಬೀದಿಗೆ ಹೋಯಿತು. "ಹೆತ್ತಪ್ಪನ್ನ ಹೊರಗೆ ಹಾಕ್ತಾರಂತೆ" ಎಂದವರು ಹಲವರು. "ನಾನೂ ಬಂದು ಒಂದು ಹೊತ್ತು ಮಗ್ಗುಲು ತಿರುಗಿಸ್ತೀನಿ" ಎಂದವರು ಯಾರೂ ಇಲ್ಲ.

ಭಾನುವಾರ ತಮ್ಮ ಒಬ್ಬನೇ ಹೋಗಿ ಒಂದು ಜಾಗ ನೋಡಿಕೊಂಡು ಬಂದ. ಮುಖದಲ್ಲಿ ಮದುವೆಮನೆಯ ಕಳೆ.

"ಅಕ್ಕ, ಹುಡುಕೋದೇ ಬೇಡ. ಫೋನ್ ಮಾಡಿ ಹೋದೆ. ಮ್ಯಾನೇಜರ್ ಗೇಟಿಗೇ ಬಂದು ಕೈ ಹಿಡ್ಕೊಂಡು ಕರ್ಕೊಂಡು ಹೋದ್ರು. ಬಾಗಿಲಲ್ಲೇ ನೀರಿನ ಕಾರಂಜಿ. ನೆಲ ಇದೆಯಲ್ಲ, ಬಗ್ಗಿ ನೋಡಿದ್ರೆ ನನ್ನ ಮೀಸೆ ಕಾಣುತ್ತೆ. ಟೈಲ್ಸ್ ಸಂದು ಅಂದ್ರೆ ಕೂದಲೆಳೆ. ಅಂಥ ಕೆಲಸ ನಾನೇ ಮಾಡಿಲ್ಲ."

ಪಕ್ಕದ ಮನೆಯ ಸಿಸ್ಟರಕ್ಕ ಅಲ್ಲೇ ಇದ್ದರು. ಮೂವತ್ತೆರಡು ವರ್ಷ ವಾರ್ಡುಗಳಲ್ಲಿ ದುಡಿದು ನಿವೃತ್ತಿಯಾದ ನರ್ಸ್. ಟೀ ಲೋಟ ಕೆಳಗಿಟ್ಟರು.

"ಮೀಸೆ ಕಂಡಿತು, ಸಂತೋಷ. ಅಲ್ಲಿರೋ ಮುದುಕರ ಹಿಮ್ಮಡಿ ಕಂಡಿತಾ?"

"ಹಿಮ್ಮಡಿ ಯಾಕೆ ನೋಡ್ಲಿ?"

"ಮಲಗಿದ ಕಡೆಯೇ ಮಲಗಿದ್ರೆ ಹುಣ್ಣಾಗೋದು ಮೊದಲು ಅಲ್ಲೇ, ಆಮೇಲೆ ಸೊಂಟದ ಕೆಳಗೆ. ಹಾಸಿಗೆ ಹುಣ್ಣು ಎಷ್ಟು ಜನಕ್ಕಿದೆ, ಏನು ಮಾಡ್ತಿದ್ದೀರಿ ಅಂತ ಕೇಳ್ಬೇಕು. ಹೋಗ್ಲಿ, ಎಷ್ಟು ಜನಕ್ಕೆ ಎಷ್ಟು ಆಯಾ ಇದ್ದಾರೆ?"

"ತುಂಬಾ ಇದ್ದಾರೆ ಅಂದ್ರು."

"ತುಂಬಾ ಅನ್ನೋದು ಯಾವ ಲೆಕ್ಕದ ಪುಸ್ತಕದಲ್ಲಿ ಬರುತ್ತಪ್ಪ? ರಾತ್ರಿ ಪಾಳಿಗೆ ಎಷ್ಟು ಜನ? ಕೆಲಸದವರು ಎಷ್ಟು ವರ್ಷದಿಂದ ಇದ್ದಾರೆ? ಪರವಾನಗಿ, ಕೊನೇ ತಪಾಸಣೆಯ ವರದಿ ತೋರಿಸಿದ್ರಾ? ಮೇಲಿನ ಮಹಡಿ ನೋಡಿದ್ಯಾ?"

ತಮ್ಮ ಕಿವಿ ಕೆರೆದುಕೊಂಡ. "ಮೇಲೆ ಎಲ್ಲರೂ ಮಲಗಿದ್ದಾರೆ, ತೊಂದರೆ ಬೇಡ ಅಂದ್ರು."

"ಹೊತ್ತು ಎಷ್ಟಾಗಿತ್ತು?"

"ಹನ್ನೊಂದು."

"ಬೆಳಗ್ಗೆ ಹನ್ನೊಂದಕ್ಕೆ ಒಂದಿಡೀ ಮಹಡಿ ಮಲಗಿದ್ರೆ ಅದು ನಿದ್ದೆನೋ, ಮಾತ್ರೆನೋ ಕೇಳ್ಬೇಡ್ವಾ?" ಸಿಸ್ಟರಕ್ಕ ಕಂಡಕ್ಟರಮ್ಮನ ಕಡೆ ತಿರುಗಿದರು. "ನೋಡಮ್ಮ, ಹೇಳಿ ಹೋದ್ರೆ ತೋರಿಸಿದ್ದು ನೋಡ್ತೀವಿ. ಹೇಳದೆ ಹೋಗು, ಊಟದ ಹೊತ್ತಿಗೆ ಹೋಗು. ಮತ್ತೆ ಒಂದು ಮಾತು. ಯಾರು ಅಲ್ಲಿ ಇರಬೇಕೋ ಅವರನ್ನ ಕೇಳಿದ್ರಾ?"

ಅಕ್ಕ ತಮ್ಮ ಬೀದಿಯವರ ಮಾತು ಕೇಳಿದ್ದರು, ಮ್ಯಾನೇಜರ್ ಮಾತು ಕೇಳಿದ್ದರು. ಅಪ್ಪನ ಮಾತು ಕೇಳಿರಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಕಂಡಕ್ಟರಮ್ಮ ಹಾಸಿಗೆಯ ಅಂಚಿಗೆ ಕೂತು ವಿಷಯ ತೆಗೆದಳು. ಅಜ್ಜ ಮಗಳ ಕಡೆ ಮುಖ ತಿರುಗಿಸಿದರು.

"ನೀವಿಬ್ಬರೂ ನನ್ನ ಬಿಟ್ಟು ಪಿಸಿಪಿಸಿ ಅಂತಿದ್ದದ್ದು ಇದಕ್ಕೇನಾ? ಸೊಂಟ ಮುರಿದಿರೋದು ಕಣಮ್ಮ, ಕಿವಿಯಲ್ಲ."

"ನಿನಗೆ ಬೇಜಾರಾಗುತ್ತೆ ಅಂತ ಅಪ್ಪ..."

"ಬೇಜಾರೇ. ಆದ್ರೆ ಮೂರು ಮಹಡಿ ನನ್ನ ಹೊತ್ತು ನಿನ್ನ ಸೊಂಟವೂ ಮುರಿದ್ರೆ ಇಬ್ಬರೂ ಜೊತೆಗೆ ಮಲಗಬೇಕಾಗುತ್ತೆ." ತಲೆದಿಂಬಿನ ಕೆಳಗಿಂದ ತಮ್ಮ ಹಳೆಯ ನಿಲುಗಡಿಯಾರ ತೆಗೆದರು. ಒತ್ತಿದರೆ ಓಡುವ, ಒತ್ತಿದರೆ ನಿಲ್ಲುವ ಗಡಿಯಾರ. "ಹೋಗ್ತೀನಿ. ಒಂದೇ ಷರತ್ತು. ನಾನು ಕರೆದಾಗ ಯಾರಾದ್ರೂ ಬರಬೇಕು. ಇದನ್ನ ತಗೊಂಡು ಹೋಗಿ ಗಂಟೆ ಒತ್ತಿ ನೋಡು. ಬಾಯಿ ಸುಳ್ಳು ಹೇಳುತ್ತೆ, ಮುಳ್ಳು ಹೇಳಲ್ಲ."

ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಅಕ್ಕ ತಮ್ಮ ಕಾರಂಜಿಯ ಮನೆಗೆ ಹೋದರು. ಮ್ಯಾನೇಜರ್ ಗೇಟಿಗೆ ಬರಲಿಲ್ಲ. ಒಳಗೆ ಸಿಕ್ಕಾಗ, "ಹೇಳಿ ಬರಬೇಕಿತ್ತು, ಮೇಡಂ," ಎಂದರು.

"ಬಸ್ಸಿಗೆ ತಪಾಸಣೆಯವರು ಹೇಳಿ ಹತ್ತಲ್ಲ ಸಾರ್," ಎಂದು ಕಂಡಕ್ಟರಮ್ಮ ಮೆಟ್ಟಿಲು ಹತ್ತಿದಳು.

ತುಂಬಿದ ಬಸ್ಸಿನಲ್ಲಿ ಒಂದು ಕಣ್ಣೋಟಕ್ಕೆ ತಲೆ ಎಣಿಸಿ ಅಭ್ಯಾಸವಾದವಳು. ಮೇಲಿನ ಹಾಲ್‌ನಲ್ಲಿ ಇಪ್ಪತ್ತೆರಡು ಹಾಸಿಗೆ, ಇಪ್ಪತ್ತೆರಡು ತಲೆ, ಒಬ್ಬಳೇ ಆಯಾ. ಕೈ ನಡುಗುವವರ ಮುಂದೆ ತಟ್ಟೆ ಇಟ್ಟು ಓಡುತ್ತಿದ್ದಳು, ಮುಟ್ಟದ ತಟ್ಟೆ ಎತ್ತಿಕೊಂಡು ಮತ್ತೆ ಓಡುತ್ತಿದ್ದಳು. ಒಬ್ಬ ಅಜ್ಜಿಯ ನೀರಿನ ಲೋಟ ಕೈಗೆಟುಕದ ಕಪಾಟಿನ ಮೇಲಿತ್ತು. ಕರೆಗಂಟೆಯ ಗುಂಡಿ ತೂಗುವ ಹಗ್ಗವನ್ನು ಮೇಲೆ ಮೊಳೆಗೆ ಸುತ್ತಿ ಕಟ್ಟಿದ್ದರು. ಗಂಟೆ ಇದೆ ಎಂದು ತೋರಿಸಲು ಗಂಟೆ.

"ನೀರು ಬೇಕಾ ಅಜ್ಜಿ? ಗಂಟೆ ಒತ್ತಲಾ?"

"ಒತ್ತಮ್ಮ. ನಿನ್ನ ಅದೃಷ್ಟ ಹೇಗಿದೆಯೋ ನೋಡೋಣ," ಎಂದರು ಅಜ್ಜಿ.

ಕಂಡಕ್ಟರಮ್ಮ ಹಗ್ಗ ಬಿಚ್ಚಿ ಗುಂಡಿ ಒತ್ತಿದಳು, ಗಡಿಯಾರವನ್ನೂ ಒತ್ತಿದಳು. ಎರಡು ನಿಮಿಷ. ಐದು. ಗೋಡೆಯ ಗಡಿಯಾರ ನೋಡಿದರೆ ಅದು ನಾಲ್ಕೂಕಾಲಿಗೆ ನಿಂತು ಎಷ್ಟು ದಿನವಾಗಿತ್ತೋ. ಗಡಿಯಾರವೇ ಸತ್ತ ಕೋಣೆಯಲ್ಲಿ ಮಾತ್ರೆಯನ್ನು ಯಾವ ಹೊತ್ತಿಗೆ ಕೊಡುತ್ತಾರೆ? ಹನ್ನೊಂದು ನಿಮಿಷವಾದಾಗ ಅವಳೇ ನೀರು ಕುಡಿಸಿದಳು.

ಆಯಾ ಓಡಿ ಬಂದಳು, ಹಣೆಯಲ್ಲಿ ಬೆವರು. "ತಪ್ಪಾಯ್ತಮ್ಮ. ನಾಲ್ಕು ಜನ ಇದ್ದೆವು. ಮೂವರು ಬಿಟ್ಟು ಹೋದ್ರು. ಆ ಜಾಗಕ್ಕೆ ಯಾರನ್ನೂ ತಗೊಂಡಿಲ್ಲ."

ತಪ್ಪು ಅವಳದಲ್ಲ. ಕಾರಂಜಿಗೆ ಕೈ ಬಿಚ್ಚಿ, ದುಡಿಯುವ ಕೈಗಳಿಗೆ ಕೈ ಬಿಗಿಹಿಡಿದವರದು. ಒಬ್ಬಳ ಬೆನ್ನ ಮೇಲೆ ಇಪ್ಪತ್ತೆರಡು ಜೀವ ಹೇರಿ ಅದನ್ನು ಸೇವೆ ಎಂದು ಬೋರ್ಡು ಹಾಕುವವರದು. ಕಂಡಕ್ಟರಮ್ಮನಿಗೆ ಸಿಟ್ಟು ನೆತ್ತಿಗೇರಿತು, ಆದರೆ ಆಯಾಳ ಭುಜ ತಟ್ಟಿ ಬಂದಳು.

ತಮ್ಮ ಪಡಸಾಲೆಯಲ್ಲಿ ನಿಂತಿದ್ದ. ಒಬ್ಬರು ಮುದುಕರು ಕಾಲುಚೀಲ ಹಾಕಿಕೊಂಡು, ಗೋಡೆಗೆ ಮೈ ಒತ್ತಿ, ಅಂಗುಲ ಅಂಗುಲವಾಗಿ ಸರಿಯುತ್ತಿದ್ದರು. ತಮ್ಮ ಅವರಿಗೆ ತೋಳು ಕೊಟ್ಟು ಕುರ್ಚಿ ಮುಟ್ಟಿಸಿದ. ಆಮೇಲೆ ಬಗ್ಗಿ ನೆಲದ ಮೇಲೆ ಹೆಬ್ಬೆರಳು ಉಜ್ಜಿದ.

"ಅಕ್ಕ, ಇದು ಗೋಡೆಗೆ ಹಾಕೋ ಟೈಲ್ಸ್ ಕಣೇ. ಒಂದು ಹನಿ ನೀರು ಬಿದ್ರೆ ಮುಗೀತು. ಭಾನುವಾರ ನಾನು ಸಂದು ನೋಡಿದೆ, ಇದರ ಮೇಲೆ ಯಾರು ನಡೀತಾರೆ ಅಂತ ನೋಡಲಿಲ್ಲ."

"ಮೇಲೆ ಥಳುಕು, ಒಳಗೆ ಹುಳುಕು."

"ನನ್ನ ಕಸುಬೇ ಇದು. ನನಗೇ ಮೂಗಿಗೆ ತುಪ್ಪ ಸವರಿಬಿಟ್ಟರು," ಎಂದ. "ಅಪ್ಪ ಬಿದ್ದದ್ದೂ ಒದ್ದೆ ನೆಲದ ಮೇಲೇ ಅಲ್ವಾ."

ಎರಡನೆಯ ಜಾಗ ಸಿಸ್ಟರಕ್ಕನಿಗೆ ಕೇಳಿ ಗೊತ್ತಿತ್ತು, ನೋಡಿ ಗೊತ್ತಿರಲಿಲ್ಲ. "ನಾನು ಹೇಳಿದೆ ಅಂತ ನಂಬಬೇಡಿ," ಎಂದು ಶುಕ್ರವಾರ ತಾವೂ ಜೊತೆಗೆ ಹೊರಟರು. ಒಂದೇ ಅಂತಸ್ತಿನ ಹಳೆಯ ಕಟ್ಟಡ. ಗೋಡೆಯ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ತಮ್ಮ ಮುಖ ಹಿಂಡಿದ.

"ಇಲ್ಲಿ ಸೇರಿಸಿದ್ರೆ ನೆಂಟರು ನಗ್ತಾರೆ ಅಕ್ಕ."

"ನೆಂಟರು ಗೋಡೆ ನೋಡಿ ನಗಲಿ," ಎಂದರು ಸಿಸ್ಟರಕ್ಕ. "ನೀನು ಮೂಗು ಉಪಯೋಗಿಸು."

ಉಚ್ಚೆಯ ವಾಸನೆ ಇರಲಿಲ್ಲ. ಅದನ್ನು ಮುಚ್ಚಲು ಸುರಿದ ಸೆಂಟಿನ ವಾಸನೆಯೂ ಇರಲಿಲ್ಲ. ಸೋಪು, ಬೇಯುತ್ತಿದ್ದ ತರಕಾರಿ, ಅಷ್ಟೆ. ನೆಲ ಒರಟು, ಗೋಡೆಯುದ್ದಕ್ಕೂ ಹಿಡಿಕಂಬಿ. ಇಬ್ಬರು ಮುದುಕಿಯರು ಇಸ್ಪೀಟಿನಲ್ಲಿ ಮೋಸದ ಬಗ್ಗೆ ಜಗಳಕ್ಕೆ ಬಿದ್ದಿದ್ದರು. "ಜಗಳಕ್ಕೆ ಶಕ್ತಿ ಇದೆ ಅಂದ್ರೆ ಹೊಟ್ಟೆಗೆ ಬಿದ್ದಿದೆ," ಎಂದು ಸಿಸ್ಟರಕ್ಕ ಪಿಸುಗುಟ್ಟಿದರು. ಇವತ್ತಿನ ಪಾಳಿಯಲ್ಲಿ ಯಾರಿದ್ದಾರೆ ಎಂದು ಗೋಡೆಯ ಹಲಗೆಯಲ್ಲಿ ಹೆಸರು ಬರೆದಿತ್ತು. ಕಂಡಕ್ಟರಮ್ಮ ಎಣಿಸಿದಳು. ಹಲಗೆಯಲ್ಲಿ ಐದು, ಕಣ್ಣಿಗೂ ಐದು. ಅಲ್ಲಿನ ಹಿರಿಯರು ಇಪ್ಪತ್ತಾರು.

ಒಬ್ಬರ ಒಪ್ಪಿಗೆ ಕೇಳಿ ಗಂಟೆ ಒತ್ತಿದಳು. ಒಂದು ನಿಮಿಷ ನಲವತ್ತು ಸೆಕೆಂಡು. ಬಂದವಳು ಅಂಗಿಯ ತೋಳು ಮಡಿಚಿದ್ದಳು, ಕೈ ಒದ್ದೆ. ಹಾಸಿಗೆಯ ಎತ್ತರಕ್ಕೆ ಬಗ್ಗಿ, "ಏನು ಬೇಕಿತ್ತು ಮೇಷ್ಟ್ರೇ?" ಎಂದಳು. ಮುದುಕಪ್ಪ ಎನ್ನಲಿಲ್ಲ, ಏಳನೇ ಹಾಸಿಗೆ ಎನ್ನಲಿಲ್ಲ.

ಆ ಮನೆ ನಡೆಸುವಾಕೆ, ಇವರು ಕೇಳಿದ ಕಾಗದವನ್ನೆಲ್ಲ ಮುಂದಿಟ್ಟಳು. "ಇಲ್ಲಿ ಯಾರಾದ್ರೂ ಬಿದ್ದಿದ್ದಾರಾ?" ಎಂದು ಸಿಸ್ಟರಕ್ಕ ಕೇಳಿದರು.

"ಎರಡು ತಿಂಗಳ ಹಿಂದೆ ಒಬ್ಬರು ಬಿದ್ರು. ಅವತ್ತೇ ಮನೆಯವರಿಗೆ ತಿಳಿಸಿದೆವು. ಆ ಬಚ್ಚಲಿಗೆ ಇನ್ನೊಂದು ಕಂಬಿ ಹಾಕಿಸಿದೆವು. ನಮ್ಮಲ್ಲಿ ವ್ಯಾಯಾಮ ಮಾಡಿಸುವವರು ವಾರಕ್ಕೆ ಮೂರೇ ದಿನ ಬರ್ತಾರೆ. ಸಾಲದು, ನನಗೂ ಗೊತ್ತು. ಮಿಕ್ಕ ದಿನ ನಮ್ಮ ಹುಡುಗಿಯರೇ ಅವರು ಕಲಿಸಿದ್ದನ್ನ ಮಾಡಿಸ್ತಾರೆ."

ಹೊರಗೆ ಬಂದ ಮೇಲೆ ಸಿಸ್ಟರಕ್ಕ, "ಯಾರೂ ಬಿದ್ದೇ ಇಲ್ಲ ಅಂದಿದ್ರೆ ನನಗೆ ಅನುಮಾನ ಬರ್ತಿತ್ತು," ಎಂದರು. ತಮ್ಮ ಅಷ್ಟರಲ್ಲಿ ಬಚ್ಚಲಿಗೆ ಹೋಗಿ ಕಂಬಿಗೆ ಜೋತು ಬಿದ್ದು ನೋಡಿ ಬಂದಿದ್ದ. "ಅಲ್ಲಾಡಲ್ಲ," ಎಂದ. ಬಣ್ಣದ ಮಾತು ಮತ್ತೆ ಎತ್ತಲಿಲ್ಲ.

ಆಸ್ಪತ್ರೆ ಬಿಟ್ಟ ದಿನ ಅಜ್ಜ ಗಾಲಿಕುರ್ಚಿಯಲ್ಲೇ ಆ ಹಳೆಯ ಕಟ್ಟಡಕ್ಕೆ ಬಂದು ತಾವೇ ಗುಂಡಿ ಒತ್ತಿದರು. ಎರಡು ನಿಮಿಷ ಐದು ಸೆಕೆಂಡು.

"ಮೊನ್ನೆಗಿಂತ ಇಪ್ಪತ್ತೈದು ಸೆಕೆಂಡು ತಡ," ಎಂದರು.

"ಒಬ್ಬರಿಗೆ ತುತ್ತು ಕೊಡ್ತಿದ್ದೆ ಅಜ್ಜ. ಬಾಯಲ್ಲಿರೋದು ನುಂಗೋ ತನಕ ಬಿಟ್ಟು ಬರೋ ಹಾಗಿಲ್ಲ," ಎಂದಳು ಬಂದವಳು.

ಅಜ್ಜ ಗಡಿಯಾರ ನಿಲ್ಲಿಸಿ ಮಗಳ ಮುಖ ನೋಡಿದರು. "ಇರ್ತೀನಿ. ಆದ್ರೆ ಹಾಲ್‌ನಲ್ಲಿರೋ ಗಡಿಯಾರ ಏಳು ನಿಮಿಷ ಹಿಂದಿದೆ. ಅದನ್ನ ಇಳಿಸಿ ನನ್ನ ಮಡಿಲಿಗೆ ಕೊಡಿ."

ಸೇರಿಸಿದ ಮೇಲೂ ಅಕ್ಕ ತಮ್ಮ ಕೈ ತೊಳೆದುಕೊಳ್ಳಲಿಲ್ಲ. ಅವಳು ಪಾಳಿ ಮುಗಿದ ಹೊತ್ತಿಗೆ, ಅವನು ಕೆಲಸಕ್ಕೆ ಹೋಗುವ ಮುಂಚೆ, ಹೇಳದೆ ಬರುತ್ತಿದ್ದರು. ಹಿಮ್ಮಡಿ ನೋಡುತ್ತಿದ್ದರು. ಒಂದು ದಿನ ಮಾತ್ರೆ ತಡವಾಗಿತ್ತು. ಕೇಳಿದರು, ಮರುದಿನದಿಂದ ಸರಿಹೋಯಿತು. ಮೂರನೇ ತಿಂಗಳು ಅಜ್ಜ ಕಂಬಿ ಹಿಡಿದು ಹಾಲ್‌ವರೆಗೆ ನಡೆದು, ತಾವು ರಿಪೇರಿ ಮಾಡಿದ ಗಡಿಯಾರದ ಕೆಳಗೆ ನಿಂತರು.

"ಎಷ್ಟು ಹೊತ್ತು ಹಿಡೀತು ಅಪ್ಪ ಹಾಸಿಗೆಯಿಂದ ಇಲ್ಲಿಗೆ?" ಎಂದಳು ಮಗಳು.

"ಒಂಬತ್ತು ನಿಮಿಷ," ಎಂದರು ಅಜ್ಜ, ಏದುಸಿರು ಬಿಡುತ್ತಾ. "ನಾಳೆ ಎಂಟಕ್ಕೆ ಇಳಿಸ್ತೀನಿ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಹಿರಿಯರಿಗೆ ನಾಳೆ ಇಂಥ ಜಾಗ ಬೇಕಾಗಬಹುದು. ನಾಚಿಕೆ ಪಡಬೇಡಿ, ನಾಚಿಕೆ ಪಡಬೇಕಾದದ್ದು ನೋಡದೆ ಸೇರಿಸುವುದಕ್ಕೆ. ಮೊದಲು ಅವರನ್ನೇ ಕೇಳಿ. ಹೇಳದೆ ಹೋಗಿ, ಊಟದ ಹೊತ್ತಿಗೆ ಹೋಗಿ, ಬಾಗಿಲು ಮುಚ್ಚಿದ ಮಹಡಿಯನ್ನೇ ತೋರಿಸಿ ಎನ್ನಿ. ಕೆಲಸದವರ ತಲೆ ಎಣಿಸಿ, ಅವರಿಗೂ ಉಸಿರಾಡಲು ಬಿಡುವಿದೆಯೇ ನೋಡಿ. ತಪ್ಪು ಕಂಡರೆ ಬರೆದು ದೂರು ಕೊಡಿ, ಅಲ್ಲಿ ಮಲಗಿರುವ ಬೇರೆಯವರ ಪರವಾಗಿಯೂ ಕೊಡಿ. ಕಾರಂಜಿಯ ಮನೆಯ ಬಗ್ಗೆ ಕಂಡಕ್ಟರಮ್ಮ ಪರವಾನಗಿ ಕೊಡುವ ಕಚೇರಿಗೆ ಎರಡು ಪುಟ ಬರೆದು ಕೊಟ್ಟಳು. ತಪಾಸಣೆಯವರು ಬಂದು ಹೋದ ಮೇಲೆ ಮೇಲಿನ ಮಹಡಿಗೆ ಇನ್ನೂ ಮೂವರು ಆಯಾಗಳು ಬಂದಿದ್ದಾರೆ. ಮೊಳೆಗೆ ಸುತ್ತಿದ್ದ ಆ ಹಗ್ಗ ಈಗ ಅಜ್ಜಿಯ ಕೈಗೆ ಎಟುಕುತ್ತದೆ.

ಆರೈಕೆ ಯಾರೋ ಹಾಕುವ ಭಿಕ್ಷೆಯಲ್ಲ. ಗಂಟೆ ಒತ್ತಿ. ಬರುವ ತನಕ ಎಣಿಸಿ.